ಮಳವಳ್ಳಿಯಲ್ಲಿ ಆನ್‌ಲೈನ್ ಕಾರ್ಡ್ ಶುರುವಾದ ವರ್ಷ

ಕೊರೊನಾ ಮುಗಿದ ಮರುವರ್ಷ ನಾನು ಮಳವಳ್ಳಿಯಲ್ಲಿ, ಒಂದು ಸಣ್ಣ ಟ್ರಸ್ಟ್ ನಡೆಸುತ್ತಿದ್ದ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾಗಿದ್ದೆ. ಮದ್ದೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಆಗ ಸದಸ್ಯರಾಗಬೇಕೆಂದರೆ ಹಳ್ಳಿಯವರು ಅರ್ಜಿಗೆ ಒಮ್ಮೆ, ತುಂಬಿ ಕೊಡಲು ಒಮ್ಮೆ, ಕಾರ್ಡಿಗೆ ಇನ್ನೊಮ್ಮೆ ಬರಬೇಕಿತ್ತು. ಬಹಳ ಮಂದಿ ನಡುವೆಯೇ ಕೈಬಿಡುತ್ತಿದ್ದರು. ಆನ್‌ಲೈನ್ ಅರ್ಜಿ ಶುರುಮಾಡೋಣ ಎಂದು ಟ್ರಸ್ಟಿನ ಕಾರ್ಯದರ್ಶಿಗೆ ಹೇಳಿದವಳು ನಾನೇ. ಅವರು ಒಪ್ಪಿದರು, ದುಡ್ಡು ಮಾತ್ರ ಕೇಳಬೇಡಿ ಎಂದರು.

ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹುಡುಕಿ ನಾನೇ ಕೂತು ಅರ್ಜಿ ಸಿದ್ಧಪಡಿಸಿದೆ. ಹೆಸರು, ಊರು, ಮೊಬೈಲ್ ನಂಬರ್, ಅಷ್ಟೇ. ಆ ನಂಬರಿಗೆ ಒಟಿಪಿ, ಅಂದರೆ ಒಂದೇ ಸಲ ಬಳಸುವ ಗುಟ್ಟಿನ ಸಂಖ್ಯೆ, ಬರುತ್ತಿತ್ತು. ಅದನ್ನು ಹಾಕಿ, ನಾನು ಒಪ್ಪಿಗೆ ಒತ್ತಿದರೆ ಕಾರ್ಡ್ ತಯಾರು. ಪುಸ್ತಕ ಮರಳಿಸುವ ದಿನ ಹತ್ತಿರವಾದಾಗ ಅದೇ ನಂಬರಿಗೆ ನೆನಪಿನ ಸಂದೇಶವೂ ಹೋಗುತ್ತಿತ್ತು.

ಸವಿತಾ ಹತ್ತಿರದ ಹಳ್ಳಿಯ ಸೊಸೆ. ಗ್ರಂಥಾಲಯದಲ್ಲೇ ಕೂತು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದರು. ಹಿಂದೆ ಒಮ್ಮೆ ಫೇಲಾದ ಮೇಲೆ ಮನೆಯಲ್ಲಿ ಇನ್ನು ಸಾಕು ಎಂದಿದ್ದರಂತೆ. ಹೊಲಿಗೆ ಕ್ಲಾಸಿಗೆಂದು ಹೇಳಿ ಬರುತ್ತಿದ್ದರು. ಅದು ನನಗೂ ಗೊತ್ತಿತ್ತು. ಒಂದು ದಿನ ಅವರ ಕೈಯಲ್ಲಿ ಫೋನ್ ಕಂಡೆ. ಬನ್ನಿ, ಈಗಲೇ ಕಾರ್ಡ್ ಮಾಡಿಕೊಡುತ್ತೇನೆಂದು ಒತ್ತಾಯದಿಂದ ಅರ್ಜಿ ತುಂಬಿಸಿದೆ. ಎರಡು ಪುಸ್ತಕಗಳನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೋದರು.

ಎರಡು ವಾರವೂ ತುಂಬಿರಲಿಲ್ಲ, ಅವರ ಗಂಡ ಮಹದೇವ ಬಂದರು. ಟೆಂಪೊ ಓಡಿಸುವವರು. ಮೇಜಿನ ಮೇಲೆ ಫೋನಿಟ್ಟರು, ಸವಿತಾರ ಕೈಯಲ್ಲಿ ಕಂಡಿದ್ದ ಅದೇ ಫೋನು. ತೆರೆಯ ಮೇಲೆ ನಮ್ಮ ಸಂದೇಶ, ಪುಸ್ತಕಗಳ ಹೆಸರು ಸಮೇತ. ಎಷ್ಟು ದಿನದಿಂದ ಬರುತ್ತಿದ್ದಾಳೆ ಎಂದು ಕೇಳಿದರು. ಸದಸ್ಯರ ವಿವರ ಬೇರೆಯವರಿಗೆ ಕೊಡುವಂತಿಲ್ಲ ಎಂದೆ.

"ಬ್ಯಾರೆಯೋರು ಯಾರು ಮೇಡಂ? ನಂಬರ್ ನಂದು. ನಿಮ್ ಕಂಪ್ಯೂಟ್ರೇ ನನ್ನೇ ಸವಿತಾ ಅಂತ ಕರೀತದೆ."

ನನ್ನ ಎದುರೇ ಅವರು ಸಂದೇಶದ ಲಿಂಕ್ ಒತ್ತಿದರು. ಒಟಿಪಿ ಬಂತು, ಹಾಕಿದರು, ಸವಿತಾರ ಪುಟ ತೆರೆಯಿತು. ಆಗಷ್ಟೇ ನಾನು ಹೇಳಿದ ನಿಯಮವನ್ನು ನಾನೇ ಕಟ್ಟಿದ ವ್ಯವಸ್ಥೆ ಮುರಿದಿತ್ತು. ತಡೆಯಲು ನನ್ನ ಬಳಿ ಒಂದು ಗುಂಡಿಯೂ ಇರಲಿಲ್ಲ.

ಅವರು ಕೂಗಾಡಲಿಲ್ಲ. "ನಾನೇನು ಅವ್ಳ್ನ ಒಡ್ದು ಬಡ್ದು ಮಾಡಿದ್ನಾ ಮೇಡಂ? ಒಲಿಗೆ ಕಲೀತಾವ್ಳೆ ಅಂತ ಊರೋರ್ಗೆಲ್ಲ ಏಳ್ಕಂಡು ತಿರುಗ್ದೆ" ಎಂದರು, ಮುಖ ಬೇರೆಡೆ ತಿರುಗಿಸಿ. ಮಾರನೆಯ ದಿನ ಪುಸ್ತಕ ತಂದುಕೊಟ್ಟು, ಅದೇ ಫೋನಿನಿಂದ ಕಾರ್ಡ್ ರದ್ದುಮಾಡಿದರು. ಸವಿತಾ ಬರುವುದು ನಿಂತಿತು.

ಕಾರ್ಯದರ್ಶಿಯ ಬಳಿ ಹೋಗಿ, ಇದನ್ನು ಸದ್ಯಕ್ಕೆ ನಿಲ್ಲಿಸೋಣ ಎಂದೆ. ದಾನಿಗಳಿಗೆ ತೋರಿಸಿ ಆಗಿದೆ, ಹಿಂದೆಗೆಯುವಂತಿಲ್ಲ ಎಂದರು. ಬೇರೆ ಸಾಫ್ಟ್‌ವೇರಿಗೆ ಹಣವಿಲ್ಲ. ಈ ಸಾಫ್ಟ್‌ವೇರಿನಲ್ಲಿ ನಂಬರಿಲ್ಲದೆ ಅರ್ಜಿ ಮುಂದಕ್ಕೆ ಹೋಗದು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಹೊಸ ಅರ್ಜಿಗಳು ಸಾಲಾಗಿ ಕಾಣುತ್ತಿದ್ದವು. ಒಂದೊಂದು ಹೆಂಗಸಿನ ಹೆಸರಿನ ಮುಂದೆಯೂ ಈ ಫೋನು ಯಾರ ಜೇಬಿನಲ್ಲಿದೆಯೋ ಎನ್ನಿಸುತ್ತಿತ್ತು. ಆದರೂ ಒಪ್ಪಿಗೆ ಒತ್ತುತ್ತಿದ್ದೆ. ಸವಿತಾರ ಮನೆಗೆ ಹೋಗೋಣವೆಂದರೆ ಯಾವ ಮುಖ ಹೊತ್ತು ಹೋಗಲಿ?

ಆ ವರ್ಷದ ಪರೀಕ್ಷೆ ಸವಿತಾರಿಗೆ ತಪ್ಪಿಹೋಯಿತು. ಅದಾದ ಮೇಲೆ ಒಂದು ಮಧ್ಯಾಹ್ನ ಅವರು ಬಂದರು. ಟೆಂಪೊದಲ್ಲಿ ಮಹದೇವ ಅವರೇ ತಂದು ಬಿಟ್ಟರು, ಒಳಗೆ ಬರಲಿಲ್ಲ. ಮತ್ತೆ ಓದಲು ಒಪ್ಪಿದ್ದರಂತೆ. ತಪ್ಪಾಯಿತು ಎಂದೆ.

"ನಿಮ್ ಮ್ಯಾಲೆ ಸಿಟ್ಟಿಲ್ಲ ಮೇಡಂ" ಎಂದರು. ಕುರ್ಚಿ ಎಳೆದುಕೊಳ್ಳುತ್ತ, "ಫೋನ್ ಯಾರ್ದು ಅಂತ ಒಂದ್ ಮಾತು ಕೇಳ್ಬೋದಾಗಿತ್ತು" ಎಂದರು.

ಆ ವಾರವೇ ಅರ್ಜಿಯಲ್ಲಿ ಅದೊಂದು ಪ್ರಶ್ನೆ ಸೇರಿಸಿದೆ. ಸ್ವಂತ ಫೋನಿಲ್ಲದವರಿಗೆ ಗ್ರಂಥಾಲಯದ ನಂಬರನ್ನೇ ಹಾಕಿದೆ. ಅವರ ಸಂದೇಶಗಳೆಲ್ಲ ನನ್ನ ಮೇಜಿಗೆ ಬಂದವು, ಅವರು ಗ್ರಂಥಾಲಯಕ್ಕೆ ಬಂದಾಗ ನಾನೇ ಬಾಯಿಮಾತಿನಲ್ಲಿ ತಿಳಿಸುತ್ತಿದ್ದೆ. ಕಾರ್ಯದರ್ಶಿಯನ್ನು ಕೇಳಲಿಲ್ಲ. ಆಮೇಲೆ ಗೊತ್ತಾಗಿ ಬೈದರು, ತೆಗೆಸಲಿಲ್ಲ.

ಸವಿತಾರಿಗೂ ಹಾಗೆ ಕಾರ್ಡ್ ಮಾಡಿಕೊಡಲು ಹೋದೆ. "ಬ್ಯಾಡಿ ಮೇಡಂ, ಇಲ್ಲೇ ಓದ್ಕತೀನಿ" ಎಂದರು. ನಾನು ನಿವೃತ್ತಳಾಗುವವರೆಗೂ ಅವರು ಕಾರ್ಡ್ ತೆಗೆದುಕೊಳ್ಳಲಿಲ್ಲ. ಜನರ ಓಡಾಟ ತಪ್ಪಿಸಲು ಹೊರಟವಳು, ಅವರು ಯಾಕೆ ಇಲ್ಲಿಗೇ ಬಂದು ಕೂರುತ್ತಾರೆಂದು ಮೊದಲು ತಿಳಿದುಕೊಳ್ಳಬೇಕಿತ್ತು. ಆ ಕೆಲಸ ನನಗೆ ಕಲಿಸಿದ್ದು ಅದನ್ನೇ. ಕಲಿಯಲು ಖರ್ಚಾದದ್ದು ಬೇರೆಯವರ ಒಂದು ವರ್ಷ.