ಹೊಗೆ ನೋಡಲು ವಿಜಯಪುರಕ್ಕೆ

ಪೆಟ್ರೋಲ್ ಸಿಗದ ಯುದ್ಧದ ದಿನಗಳವು. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ನಮ್ಮ ಬಸ್ಸು ಬೆಳಿಗ್ಗೆ ಬೆಂಗಳೂರು ಬಿಟ್ಟು, ನಿದ್ದೆಗಣ್ಣಿನ ಎತ್ತಿನಂತೆ ಯಲಹಂಕ ದಾಟಿತು. ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಗೆಳೆಯ ಮುನಿಶಾಮಪ್ಪನನ್ನು ನೋಡಲು ಹೊರಟಿದ್ದೆ. ಪಕ್ಕದಲ್ಲಿದ್ದವರು ಸರ್ಕಾರದ ಒಬ್ಬ ಅಧಿಕಾರಿ. ಅವರೂ ಅಲ್ಲಿಗೇ ಹೊರಟಿದ್ದರು.

"ಮನೆಗಳ ನಡುವೆ ರೇಷ್ಮೆಗೂಡು ಬೇಯಿಸೋ ಒಲೆ ಹಾಕಿದೋರು ಹೊಗೆಕೊಳವೆ ಎಷ್ಟೆತ್ತರ ಕಟ್ಟಬೇಕು ಅಂತ ನಿಯಮ ಮಾಡ್ತಿದೀವಿ" ಎಂದರು. "ಕಾಗದದ ಮೇಲೆ ಬರೆಯೋದು ಸುಲಭ ಸ್ವಾಮಿ. ಹೊಗೆ ಎಲ್ಲಿ ಹೋಗಿ ಇಳಿಯುತ್ತೆ ಅಂತ ಕಣ್ಣಾರೆ ನೋಡ್ಬೇಕಲ್ಲ."

ಅಲ್ಲಲ್ಲಿ ನಿಂತು ನಿಂತು, ಸಂಜೆಯ ಹೊತ್ತಿಗೆ ದೇವನಹಳ್ಳಿ ಕೋಟೆಯ ಬಳಿ ಬಸ್ಸು ನಿಂತೇಬಿಟ್ಟಿತು. ಡ್ರೈವರ್ ಒಲೆ ಕೆದಕಿದ. ಕರಿ ಹೊಗೆ ನಮ್ಮೆಲ್ಲರ ಮುಖಕ್ಕೆ ಬಡಿಯಿತು.

"ಇದ್ದಿಲು ಒದ್ದೆ. ಇವತ್ತು ಇದು ಏಳಾಕಿಲ್ಲ. ಹೊಗೆ ನೋಡೋಕೆ ಅಷ್ಟು ದೂರ ಯಾಕೆ ಬುದ್ಧಿ, ಇಲ್ಲೇ ನೋಡ್ಬಿಡಿ!" ಎಂದ.

ಮಸಿ ಹಿಡಿದ ಮುಖದಲ್ಲೇ ಅಧಿಕಾರಿಗಳೂ ನಕ್ಕರು. ಚಕ್ಕೋತ ಸುಲಿದು ತಿಂದು, ಛತ್ರದ ಜಗಲಿಯಲ್ಲಿ ಮಲಗಿದೆವು. ಬೆಳಗಾದಾಗ ನಂದಿಬೆಟ್ಟ ಬುಡವಿಲ್ಲದೆ ಮಂಜಿನ ಮೇಲೆ ತೇಲುತ್ತಿತ್ತು.

ಅಲ್ಲಿಂದ ಎಂಟು ಮೈಲಿ, ನಡೆದೇ ಹೋದೆವು. ಬೇಯುವ ಗೂಡಿನ ವಾಸನೆಯಿಂದ ವಿಜಯಪುರ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವ ಊರು. ಆ ದಿನ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ತೊಳೆದಿಟ್ಟಂಥ ಆಕಾಶ. ಜನ ಬಾಗಿಲುಗಳಲ್ಲಿ ಕೈಕಟ್ಟಿ ನಿಂತಿದ್ದರು. ಕನಸಿನಲ್ಲಿ ಕಾಣುವ ಬೀದಿಯ ಹಾಗಿತ್ತು.

ಮುನಿಶಾಮಪ್ಪ ಕೈಮುಗಿದ. "ಸಾಹೇಬ್ರು ನಿನ್ನೆ ಬರ್ತಾರೆ ಅಂತ ಡಂಗುರ ಹೊಡೆದಿದ್ರು. ಹೊಗೆ ಕಂಡ್ರೆ ಬೀಗ ಹಾಕಿಸ್ತಾರೆ ಅಂದ್ಕೊಂಡು ಊರೆಲ್ಲಾ ನಿನ್ನೆ ಬೆಳಿಗ್ಗೇನೇ ಒಲೆ ಆರಿಸ್ಬಿಟ್ವಿ."

"ಹಚ್ಚು ಹಚ್ಚು ಅಂತ ನಾನೇ ಬಡ್ಕೊಂಡೆ" ಎಂದರು ಪಕ್ಕದ ಮನೆಯ ಹಾಜಿರಾಬಿ, ಕೆಮ್ಮುತ್ತಾ. ಅವನ ಹೊಗೆ ಇಳಿಯುತ್ತಿದ್ದುದು ಅವರ ಹೆಂಚಿನ ಮೇಲೆಯೇ. "ಕೇಳಿದ್ರೆ ತಾನೆ ಈ ಹಟಮಾರಿ!"

ಗೂಡಿನೊಳಗಿನ ಹುಳುವನ್ನು ಹೊತ್ತಿಗೆ ಸರಿಯಾಗಿ ಹಬೆಗಿಟ್ಟು ಕೊಲ್ಲಬೇಕು. ಇಲ್ಲವಾದರೆ ಅದು ಚಿಟ್ಟೆಯಾಗಿ ಗೂಡು ತೂತುಮಾಡಿಕೊಂಡು ಬರುತ್ತದೆ. ತೂತಾದ ಗೂಡಿನಲ್ಲಿ ಉದ್ದನೆಯ ನೂಲು ಸಿಗದು. ಮುನಿಶಾಮಪ್ಪನವು ಹಿಂದಿನ ದಿನವೇ ಹಬೆಗಿಡಬೇಕಾಗಿದ್ದ ಗೂಡುಗಳು.

ಒಳಗೆ ಇಣುಕಿದೆ. ತಟ್ಟೆಗಳ ಮೇಲೆ, ಗೋಡೆಯ ಮೇಲೆ, ತಣ್ಣಗಾದ ಹಂಡೆಯ ಅಂಚಿನ ಮೇಲೆ ಬಿಳಿಯ ಚಿಟ್ಟೆಗಳು. ಹಾರಲಾರವು, ರೆಕ್ಕೆಯನ್ನಷ್ಟೇ ನಡುಗಿಸುತ್ತಿದ್ದವು. ತರಗೆಲೆಯ ಮೇಲೆ ತುಂತುರು ಬಿದ್ದಂತೆ ಸದ್ದು. ಹೊಸ್ತಿಲಾಚೆ ಕಾಲಿಡಲು ನನಗೆ ಧೈರ್ಯ ಬರಲಿಲ್ಲ.

ಅಧಿಕಾರಿಗಳು ಮುನಿಶಾಮಪ್ಪನತ್ತ ತಿರುಗಿದರು.

"ನಾನು ಹೊಗೆ ನೋಡೋಕೇ ಬಂದಿದ್ದು ಕಣಪ್ಪಾ. ಈಗ ಹಚ್ಚು."

ಬೇಯಿಸಲು ಏನೂ ಇರಲಿಲ್ಲ. ಮುನಿಶಾಮಪ್ಪ ಹಂಡೆಗೆ ಬರಿಯ ನೀರು ತುಂಬಿ ಸೌದೆ ಒಟ್ಟಿದ. ಮೋಟು ಕೊಳವೆಯಿಂದ ಹೊರಟ ಹೊಗೆ ಬಾಗಿ, ಹಾಜಿರಾಬಿಯವರ ಹೆಂಚಿನ ಮೇಲೆ ಮಲಗಿತು.

"ಕೊಳವೆ ಇನ್ನೂ ಆರಡಿ ಏರಿಸ್ಬೇಕು. ನಾನೇ ಬಂದು ನೋಡ್ತೀನಿ" ಎಂದರು ಅಧಿಕಾರಿಗಳು.

"ಆಗ್ಲಿ ಬುದ್ಧಿ" ಎಂದ ಮುನಿಶಾಮಪ್ಪ, ತಲೆಯೆತ್ತದೆ.

"ಏರಿಸ್ತಾನೆ ಸಾಬ್" ಎಂದರು ಹಾಜಿರಾಬಿ. "ಮೊದಲು ಅವನ ಕೈಗೆ ಹೊಸ ಗೂಡು ಬರ್ಲಿ."

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ಅಧಿಕಾರಿ ಊರು ದಾಟುವವರೆಗೆ ಬೇರೆ ಯಾರೂ ಒಲೆ ಹಚ್ಚಲಿಲ್ಲ. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಇಡೀ ವಿಜಯಪುರದ ಮೇಲೆ ಒಂದೇ ಒಂದು ಹೊಗೆ ಎದ್ದಿತ್ತು. ಅದರ ಕೆಳಗೆ ಬರಿಯ ನೀರು ಕುದಿಯುತ್ತಿತ್ತು.