ಬೆಲ್ಲದ ಕಡಾಯಿಗೆ ಕಟ್ಟಿಕೊಂಡ ದಿನ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಹೇಳದೆ ಇದ್ದುದರಿಂದಲೇ ಇಷ್ಟೆಲ್ಲ ಆಯಿತು. ನಾನು ಆಳಂದದ ಕಡೆಯವನು. ನಮ್ಮಲ್ಲಿ ನೀರೆಂದರೆ ಕೊಡದಲ್ಲಿ ಕೂತು ತಲೆಯ ಮೇಲೆ ಬರುವಂಥದ್ದು. ಅದು ಒಂದು ಊರಿನಷ್ಟು ಅಗಲ ಹರಿಯುತ್ತದೆ ಎಂಬುದು, ಅಫಜಲಪುರದ ಕಾಲೇಜಿಗೆ ಸೇರಿ ಭೀಮೆಯ ದಂಡೆಯ ಹಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿ ಉಳಿದ ಮೇಲೆ ಗೊತ್ತಾಯಿತು.

ತೊಂಬತ್ತರ ದಶಕದ ಶುರು. ಆ ವರ್ಷ ಟಿವಿಯಲ್ಲಿ ಪ್ರತಿ ಭಾನುವಾರ ಪರದೇಶದ ದೋಣಿ ಓಟ ತೋರಿಸುತ್ತಿದ್ದರು. ವಾರಕ್ಕೊಂದು ದೇಶ; ಒಂದು ಹಂಗಾಮು ಪೂರ್ತಿ ಅದೇ ಜನ ಬೇರೆ ಬೇರೆ ಹೊಳೆಗಳಲ್ಲಿ ಬಡಿದಾಡುತ್ತಿದ್ದರು. ಕುದಿಯುವ ಹಾಲಿನಂಥ ನೀರು, ನುಗ್ಗೆಕಾಯಿಯಂಥ ದೋಣಿ. ಮೇಲೆ ತಂತಿಯಿಂದ ಕೋಲುಗಳನ್ನು ಜೋಡಿಜೋಡಿಯಾಗಿ ಇಳಿಬಿಟ್ಟಿರುತ್ತಿದ್ದರು. ಹಸಿರು ಜೋಡಿಯ ನಡುವೆ ನೀರಿನ ಜೊತೆ ಇಳಿಯಬೇಕು, ಕೆಂಪು ಜೋಡಿಯ ನಡುವೆ ತಿರುಗಿ ನೀರಿಗೆ ಎದುರಾಗಿ ಹತ್ತಬೇಕು. ಕೋಲು ಮುಟ್ಟಿದರೆ ಐದು ಸೆಕೆಂಡು ದಂಡ.

ಟಿವಿಯವನ ಇಂಗ್ಲಿಷು ಮಾವನ ಪಡಸಾಲೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಕಾಮೆಂಟರಿ ನನ್ನದು. ನನಗೂ ಅರ್ಧ ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. "ಬಂದ್ರು ನೋಡ್ರಿ, ಜರ್ಮನಿ ಗೌಡ್ರು ಬಂದ್ರು! ಮುಟ್ಟಬ್ಯಾಡ್ರಿ ಗೌಡ್ರ, ಕೋಲು ಮುಟ್ಟಬ್ಯಾಡ್ರಿ... ಮುಟ್ಟೇಬಿಟ್ರು!" ಇದು ನಮ್ಮ ಹೆಡ್‌ಮಾಸ್ತರರ ದನಿಯಲ್ಲಿ. ದೋಣಿ ಮಗುಚಿದರೆ ಅತ್ತೆಯ ದನಿಯಲ್ಲಿ "ಅಯ್ಯ ನನ ಶಿವನ!" ಎನ್ನುತ್ತಿದ್ದೆ. ಅತ್ತೆ ಸೇರಿ ಎಲ್ಲರೂ ನಗುತ್ತಿದ್ದರು.

ನಗದವನು ಅಂಬಿಗ ಕಾಕಾ ಒಬ್ಬನೇ. ಬೇಸಿಗೆಯಲ್ಲಿ ಕಬ್ಬಿನ ಗಾಣ ನಿಂತ ಮೇಲೆ, ಬೆಲ್ಲ ಕುದಿಸುವ ದೊಡ್ಡ ಕಬ್ಬಿಣದ ಕಡಾಯಿಯನ್ನು ಅವನು ಹೊಳೆಗೆ ಇಳಿಸುತ್ತಿದ್ದ. ಮಳೆಗಾಲ ಮುಗಿಯುವ ತನಕ ಆ ದಂಡೆ ಈ ದಂಡೆಯ ಜನಕ್ಕೆ ಅದೇ ದೋಣಿ. ಅವನು ಟಿವಿಯ ತೀರಾ ಹತ್ತಿರ ಕೂತು ನೀರನ್ನಷ್ಟೇ ನೋಡುತ್ತಿದ್ದ.

"ಅವರ ಸೊಂಟಕ್ಕ ಅದೇನು ಅರಿವಿ, ತಮ್ಮಾ?" ಎಂದು ಒಮ್ಮೆ ಕೇಳಿದ.

"ದೋಣಿಗೆ ಕಟ್ಯಾರ ಕಾಕಾ, ಮುಳಗಬಾರದಂತ" ಎಂದೆ. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದು ನನ್ನ ಚಟ. ಹೇಳಿದ್ದನ್ನು ನಾನೇ ನಂಬುವುದು ಅದಕ್ಕಿಂತ ದೊಡ್ಡ ಚಟ.

ಒಂದು ವಾರ ಕಾಕಾ ಹುಟ್ಟು ಹಾಕುವುದನ್ನೂ ಅಣಕಿಸಿದೆ: ಬೀಡಿ ಕಚ್ಚಿಕೊಂಡು, ಕುಂಡೆ ಎತ್ತಿ, ಗೊಣಗುತ್ತ. ಮನೆಯೆಲ್ಲ ಬಿದ್ದುಬಿದ್ದು ನಕ್ಕಿತು. ಕಾಕಾ ಶಾಂತವಾಗಿ ಹೇಳಿದ, "ಭಾಳ ಚಂದ ಮಾಡ್ತಿ. ಬರೋ ಐತಾರ ಕಡಾಯದಾಗ ಕುಂತು ಮಾಡು. ಮೀನಿನ ಬಲಿ ಗೂಟದ ನಡುವ ಒಯ್ತೇನಿ. ಒಂದೂ ಮುಟ್ಟಂಗಿಲ್ಲ."

"ಹೆದರ್ಯಾನ ನೋಡ್ರಿ, ಮಾರಿ ನೋಡ್ರಿ ಅವನ್ದು!" ಎಂದಳು ಅತ್ತೆ.

"ಯಾರು, ನಾನಾ? ಐತಾರ ತನಕ ಯಾಕ ಕಾಯೂದ್ರಿ?" ಎಂದಿತು ನನ್ನ ಬಾಯಿ. ಹೊಟ್ಟೆ ಅದರ ಜೊತೆ ಇರಲಿಲ್ಲ.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಭಾನುವಾರ ಮುಂಜಾನೆ ದಂಡೆಯ ಮೇಲೆ ಅರ್ಧ ಊರು ನಿಂತಿತ್ತು. ಹೊಳೆಯ ನಡುವೆ ಮೀನಿನ ಬಲೆ ಕಟ್ಟುವ ಬಿದಿರ ಗೂಟಗಳು ಜೋಡಿಜೋಡಿಯಾಗಿ ನಿಂತಿದ್ದವು. ಕಡಾಯಿಯಲ್ಲಿ ಕೂತು, ಯಾರೂ ನೋಡದಂತೆ, ಅಂಗಿಯೊಳಗೆ ಸೊಂಟಕ್ಕೆ ಸುತ್ತಿದ್ದ ಟವೆಲ್ಲಿನ ತುದಿಯನ್ನು ಕಡಾಯಿಯ ಕಿವಿಯ ಬಳೆಗೆ ಬಿಗಿದೆ. ಎರಡು ಗಂಟು ಹಾಕಿದೆ. ಆಮೇಲೆ ಇನ್ನೊಂದು.

ಮೊದಲ ಜೋಡಿ ದಾಟುವವರೆಗೆ ಕಾಮೆಂಟರಿ ಹೇಳಿದೆ. ದಂಡೆಯಿಂದ ಸಿಳ್ಳು ಕೇಳಿಸಿತು. ಆಮೇಲೆ ನೀರಿನ ಬಣ್ಣ ಬದಲಾಯಿತು. ಕೆಂಪಗೆ, ಕಸಕಡ್ಡಿ ಹೊತ್ತು, ಗೂಟಗಳನ್ನು ನಡುಗಿಸುತ್ತ ಬಂತು.

"ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ" ಎಂದ ಕಾಕಾ, ತನಗೇ ಹೇಳಿಕೊಂಡಂತೆ.

ಕಡಾಯಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಅದು ಗಿರಗಿರ ತಿರುಗಿತು, ಒಂದು ಗೂಟಕ್ಕೆ ಬಡಿದು ವಾಲಿತು. ನೀರು ಒಳಗೆ ಬಂದು ನನ್ನ ಕಾಲು ಮುಳುಗಿಸಿತು.

"ಈ ಕಡಿ ಸರಿ, ಲಗೂನ!"

ನಾನು ಸರಿಯಲಿಲ್ಲ.

"ಸರೀಲೇ! ಕಿವಿ ಕೇಳಂಗಿಲ್ಲೇನು?"

ಅಂಗಿ ಎತ್ತಿ ತೋರಿಸಿದೆ. ತೊಯ್ದ ಗಂಟುಗಳು ಕಲ್ಲಾಗಿದ್ದವು. ಎಷ್ಟು ಎಳೆದೆನೋ ಅಷ್ಟು ಬಿಗಿಯಾಗಿದ್ದವು.

ಕಾಕಾನ ಬಾಯಿಂದ ಬೀಡಿ ಬಿತ್ತು. "ಕಬ್ಬಿಣಕ್ಕ ಕಟಗೊಂಡೀಯೇನೋ! ಮಗುಚಿದ್ರ ನಿನ್ನ ಜುಟ್ಟಾ ಹಿಡದು ಈಜಿ ದಂಡಿಗೆ ಒಯ್ತಿದ್ದೆ. ಈಗ ಇದು ಮುಳಗಿದ್ರ ನೀನೂ ತಳಕ್ಕ." ಅಷ್ಟು ಹೇಳಿ ಹುಟ್ಟನ್ನು ಮತ್ತೆ ನೀರಿಗಿಳಿಸಿದ. ನನ್ನ ಗಂಟಲಿನಿಂದ ಏನೋ ಸಣ್ಣ ದನಿ ತಾನಾಗಿಯೇ ಬರುತ್ತಿತ್ತು. ಯಾವ ಪ್ರಾಣಿಯದು ಎಂದು ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ಅಣಕಿಸಲು ನೋಡಿದ್ದೇನೆ, ಬಂದಿಲ್ಲ.

"ನೀರು ಚೆಲ್ಲು" ಎಂದ.

ಎರಡೂ ಬೊಗಸೆಯಿಂದ ಚೆಲ್ಲಿದೆ. ಗೂಟಗಳ ಬಲೆಗೆ ಕಸ ಸಿಕ್ಕು, ಅದರ ಹಿಂದೆ ನೀರು ಒಂದಿಷ್ಟು ಸುಮ್ಮನಿತ್ತು. ಕಾಕಾ ಕಡಾಯಿಯನ್ನು ಹರಿವಿಗೆ ಎದುರು ತಿರುಗಿಸಿ ಆ ಸುಮ್ಮನಿದ್ದ ನೀರಿಗೆ ನುಗ್ಗಿಸಿದ. ಅಲ್ಲಿ ಉಸಿರು ಹಿಡಿದು, ಮತ್ತೆ ಹರಿವಿಗೆ ಬಿಟ್ಟು, ಮುಂದಿನ ಜೋಡಿಯ ಹಿಂದೆ ಮತ್ತೆ ತಿರುವಿದ. ಟಿವಿಯ ಜನ ಬಂಡೆಗಳ ಹಿಂದೆ ಮಾಡುತ್ತಿದ್ದುದೇ ಇದು. ನಾನು ವಾರಗಟ್ಟಲೆ ಬೊಗಳಿದ್ದೆ. ಅವನು ನೋಡಿ ಕಲಿತಿದ್ದ. ಒಂದೊಂದು ತಿರುವಿಗೂ ಕಡಾಯಿಯ ಅಂಚು ನೀರಿನಿಂದ ನಾಲ್ಕು ಬೆರಳಷ್ಟೇ ಮೇಲೆ ಉಳಿಯುತ್ತಿತ್ತು. ನಾನು ಆ ನಾಲ್ಕು ಬೆರಳನ್ನಷ್ಟೇ ನೋಡುತ್ತಿದ್ದೆ. ಒಮ್ಮೆ ಅದು ಎರಡಾಯಿತು. ಆಗ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಕಡಾಯಿ ಆಚೆ ದಂಡೆಯ ಕೆಸರಿಗೆ ಕಚ್ಚಿಕೊಂಡಿತ್ತು. ಕಾಕಾ ಬಗ್ಗಿ, ಇದ್ದ ನಾಲ್ಕೈದು ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚತೊಡಗಿದ. ನಡುನಡುವೆ ಬಾಯಿ ಬಿಡುವಾದಾಗ ಬೈದ. "ಯಾರು ಹೇಳಿದ್ರಲೇ ಕಟಗೋ ಅಂತ?"

"ನಾನ... ಹೇಳಿದ್ನಲ್ರಿ" ಎಂದೆ.

ಟಿವಿಯವರ ಸೊಂಟದ ಆ ಅರಿವೆ ದೋಣಿಯೊಳಗೆ ನೀರು ಬರದಂತೆ ಹಾಕುವುದು, ಒಮ್ಮೆ ಎಳೆದರೆ ಕಳಚಿ ಬರುತ್ತದೆ ಎಂದು ಎಷ್ಟೋ ದಿನದ ಮೇಲೆ ಎಲ್ಲೋ ಓದಿದೆ.

ಗಂಟು ಬಿಚ್ಚಿ ಅವನು ನನ್ನ ಕೈ ಹಿಡಿದು ಕಡಾಯಿಯಿಂದ ಇಳಿಸಿದ, ಇಳಿಸಿದ ಮೇಲೂ ಬಿಡಲಿಲ್ಲ. ಊರ ಕಡೆಯ ದಂಡೆಯಿಂದ ಮಾವ ಕೂಗುತ್ತಿದ್ದ. ಕಾಕಾ ಕೈಯೆತ್ತಿ, ಇದ್ದೇವೆ ಎಂದು ತೋರಿಸಿದ.

"ಹೊಳ್ಳಿ ಹ್ಯಾಂಗ ಹೋಗೂದ್ರಿ ಕಾಕಾ?"

ಅವನು ಹೊಳೆಯನ್ನು ನೋಡಿದ. ಕಡಾಯಿಯನ್ನು ನೋಡಿದ. "ಬಸ್ಸಿಗೆ" ಎಂದ.

ಕೆಸರಲ್ಲಿ ನಡೆದು ರಸ್ತೆಗೆ ಬಂದು, ಜೇವರ್ಗಿ ಕಡೆಯಿಂದ ಬಂದ ಕೆಂಪು ಬಸ್ಸು ಹತ್ತಿದೆವು. ಕಂಡಕ್ಟರ್ ಪರಿಚಯದವನು. "ಏನೋ ಅಂಬಿಗಾ, ನೀನೂ ಬಸ್ಸು ಹತ್ತಿದಿ?" ಎಂದು ನಕ್ಕ.

"ಕಡಾಯಕ್ಕ ಜ್ವರಾ ಬಂದಾವ. ಟಿಕೀಟು ಹರಿ" ಎಂದ ಕಾಕಾ.

ಬಸ್ಸು ಸೇತುವೆ ಏರಿತು. ಕೆಳಗೆ ಅದೇ ಕೆಂಪು ನೀರು. ನಾನು ಚಪ್ಪಲಿಯ ಬಾರು ಸರಿಮಾಡುವ ನೆಪದಲ್ಲಿ ಕೆಳಗೆ ಬಗ್ಗಿದೆ. ಅಲ್ಲಿ ಕಾಕಾನ ತಲೆ ಆಗಲೇ ಬಂದಿತ್ತು. ಅವನ ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ.