ಕಿಟಕಿಯೆದುರಿನ ಟವರು

ವಿದ್ಯುತ್ ಕಚೇರಿಯಲ್ಲಿ ಎಲ್ಲರೂ ಅವಳನ್ನು ಗೀಟಕ್ಕ ಎಂದೇ ಕರೆಯುತ್ತಿದ್ದರು. ಕರೆಂಟಿನ ತಂತಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನಕ್ಷೆಯ ಮೇಲೆ ಗೀಟು ಎಳೆಯುವುದೇ ಅವಳ ಕೆಲಸ. ಹಾಗೆಂದು ಕುರ್ಚಿಗೆ ಅಂಟಿಕೊಂಡ ಜೀವವಲ್ಲ. ತಂತಿ ಹಾಯುವ ಜಾಗದಲ್ಲಿ ಒಂದು ಸಂಜೆಯಾದರೂ ನಿಂತು ನೋಡದೆ ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಹಕ್ಕಿಗಳು ಗೂಡಿಗೆ ಮರಳುವುದು ಮಬ್ಬಿನಲ್ಲಿ, ಆಗ ಅವಕ್ಕೆ ತಂತಿ ಕಾಣಿಸುವುದಿಲ್ಲ ಎಂಬುದು ಅವಳ ಚಿಂತೆ. ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಶುರುಮಾಡುತ್ತಿದ್ದರು: “ಬಂದ್ಲಪ್ಪ ಹಕ್ಕಿಗಳ ಚಿಕ್ಕಮ್ಮ!”

ಆ ವರ್ಷ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದವು. ರೆಕ್ಕೆಗಳು ತಿರುಗಿದ್ದೇ ತಿರುಗಿದ್ದು, ತಂತಿಯಿಲ್ಲದೆ ಊರಿಗೆ ಮಾತ್ರ ಕರೆಂಟು ಇಳಿಯಲಿಲ್ಲ. ಆಸ್ಪತ್ರೆಯ ಜನರೇಟರು ಹೊಗೆ ಕಾರುತ್ತಲೇ ಇತ್ತು. ನೆಟ್ಟಗೆ ಎಳೆದರೆ ದಾರಿ ಜೌಗಿನ ನಡುವೆ, ಉದ್ದಕಾಲಿನ ಹಕ್ಕಿಗಳು ಮರಿಮಾಡುವಲ್ಲಿ. ನೆಲದೊಳಗೆ ಹೂಳೋಣವೆಂದರೆ ಜೌಗನ್ನೇ ಬಗೆಯಬೇಕು. ಬಳಸಿ ಬಂದರೆ ಊರಂಚಿನ ರಸ್ತೆಯೊಂದೇ ಗತಿ. ಅಲ್ಲಿ ಒಂದು ಟವರು ಯಾರದಾದರೂ ಮನೆಯೆದುರು ನಿಲ್ಲಲೇಬೇಕು. ಅಪಾಯವಿಲ್ಲದಷ್ಟು ದೂರ ಬಿಟ್ಟೇ ನಿಲ್ಲಿಸುತ್ತಾರೆ, ನಿಜ. ಆದರೆ ಕಿಟಕಿ ತೆಗೆದರೆ ಆಕಾಶದ ಬದಲು ಕಬ್ಬಿಣ.

ಗೀಟಕ್ಕನ ಮನೆಯೂ ಅದೇ ರಸ್ತೆಯಲ್ಲಿತ್ತು. ಟವರಿಗೆ ಒಗ್ಗುವ ಜಾಗ ಎರಡೇ: ಒಂದು ಪಕ್ಕದ ದರ್ಜಿಯ ಮನೆಯೆದುರು, ಇನ್ನೊಂದು ಅತ್ತೆ ದಿನವಿಡೀ ಕೂರುವ ಕಿಟಕಿಯೆದುರು. ಪರರ ಮನೆಯ ಮುಂದೆ ಹಾಕಲು ಮನಸ್ಸು ಬರದೆ ಎರಡನೆಯದಕ್ಕೇ ಗುರುತು ಹಾಕಿದಳು. ಊಟ ಬಡಿಸುವಾಗ ವಿಷಯ ತಿಳಿಸಿದಳು.

“ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ?” ಎಂದರು ಅತ್ತೆ. ಅಷ್ಟೇ. ಅಂದಿನಿಂದ ಬಾಯಿಗೆ ಬೀಗ.

“ಇಷ್ಟು ದಿನ ಬೇಡ್ತಿದ್ದ ನೆಮ್ಮದಿ ಸಿಕ್ತಲ್ಲೇ!” ಎಂದು ಗಂಡ ನಗಿಸಲು ನೋಡಿದ. ಗೀಟಕ್ಕ ಅತ್ತುಬಿಟ್ಟಳು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳಿಗೆ ಆ ಬೈಗುಳವೇ ತವರಾಗಿತ್ತು.

ರಸ್ತೆಯವರು ಒಪ್ಪಿದರೆ ಬಳಸುದಾರಿ, ಇಲ್ಲವಾದರೆ ಜೌಗಿನ ಮೇಲೇ ತಂತಿ ಎಂದು ಕಚೇರಿಯಲ್ಲಿ ತೀರ್ಮಾನವಾಗಿ, ಶಾಲೆಯ ಹಾಲಿನಲ್ಲಿ ಸಭೆ ಕರೆದರು. ದರ್ಜಿ ಎದ್ದು ನಿಂತು ಕೂಗಾಡಿದ: “ಈಯಮ್ಮಂಗೆ ಹಕ್ಕಿ ಹುಚ್ಚು. ಅದಕ್ಕೆ ನಾವ್ಯಾಕೆ ಅನುಭವಿಸ್ಬೇಕು?” ಹೌದು ಹೌದೆಂದು ಹತ್ತು ಬಾಯಿಗಳು ಸೇರಿದವು. ಗೀಟಕ್ಕ ತಲೆತಗ್ಗಿಸಿದಳು.

ಆಗ ಹಿಂದಿನ ಬೆಂಚಿನಿಂದ ಅತ್ತೆ ಎದ್ದರು. “ಏನಪ್ಪಾ, ನಿನ್ ಮನೆ ಮುಂದೆ ಹಾಕ್ಬಹುದಿತ್ತು, ಹಾಕ್ಲಿಲ್ಲ. ಕಿಟಕಿ ನಂದು, ಸಂಕಟ ನಂದು. ನಿಂಗ್ಯಾಕೆ ಹೊಟ್ಟೆನೋವು?”

“ಹಾಗಾದ್ರೆ ನಿಮಗೆ ಒಪ್ಪಿಗೆನಾಮ್ಮಾ?” ಎಂದರು ಸಭೆ ನಡೆಸುತ್ತಿದ್ದ ಕಚೇರಿಯ ಎಂಜಿನಿಯರು.

“ಮೈಯೆಲ್ಲಾ ಉರೀತಿದೆ, ಒಪ್ಪಿಗೆಯಂತೆ! ಆದ್ರೆ ನಾನು ಕುರ್ಚಿ ಎಳ್ಕೊಂಡು ಹಿಂದಿನ ಕಿಟಕಿಗೆ ಹೋಗ್ಬಹುದು. ಆ ಮರಿಗಳು ಎಲ್ಲಿಗ್ ಹೋಗ್ತವೆ?” ಎನ್ನುತ್ತ ದರ್ಜಿಯ ಕಡೆ ತಿರುಗಿದರು. “ಇನ್ನು ನನ್ ಸೊಸೇನ ಬಯ್ಯೋಕೆ ನಾನಿದೀನಿ. ನೀನು ಕೂತ್ಕೋ.”

ಹಾಲೆಲ್ಲ ನಕ್ಕಿತು. ನಗುತ್ತಲೇ ಮೊದಲು ಕೈಯೆತ್ತಿದವನು ದರ್ಜಿ. ಬಳಸುದಾರಿ ಗೆದ್ದಿತು.

ಮನೆಗೆ ಹೊರಟಾಗ ಅತ್ತೆ ಅವಳ ತೋಳು ಹಿಡಿದುಕೊಂಡು ಶುರುಮಾಡಿದರು: “ಮನೇಲಿ ಹಿರಿಯಳು ಒಬ್ಬಳಿದಾಳೆ ಅನ್ನೋ ಜ್ಞಾನ ಬೇಡ್ವೇನೆ? ಕೇಳದೇ ಗುರುತು ಹಾಕ್ತಾಳಂತೆ! ಎಷ್ಟು ಸೊಕ್ಕು ನಿಂಗೆ...” ಕೂಡಿಟ್ಟ ಬೈಗುಳವೆಲ್ಲ ಒಂದೊಂದಾಗಿ ಹೊರಬರುತ್ತಿತ್ತು. ಗೀಟಕ್ಕ ಮನೆ ಬೇಗ ಬಂದುಬಿಡದಿರಲೆಂದು ನಿಧಾನವಾಗಿ ಹೆಜ್ಜೆ ಹಾಕಿದಳು.